ಆಯಿ ಕಟ್ಟಿದ ಗುಲಾಬಿ ದಂಡಿ

ಗುಲಕಂದಕ್ಕೆ ಎಸಳು ಬಿಡಿಸುತ್ತ ಕುಳಿತಿದ್ದೆ. ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ಮುಂದೆ ಅಗಲ ತಟ್ಟೆಯಂಥ ಹಿತ್ತಾಳೆ ಪರಾತ ಇಟ್ಟುಕೊಂಡಿದ್ದೆ. ದೊಡ್ಡ ಯುದ್ಧ ಮುಗಿದು ಒಂದೆರಡು ವರ್ಷವಾಗಿದ್ದರೂ ಸಕ್ಕರೆ ಇನ್ನೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ವರ್ಷ ಹೇಗೋ ಒಂದಿಷ್ಟು ಖಡಿಸಕ್ಕರೆ ಕೈಗೆ ಬಂದಿತ್ತು. ಶಿವ ಕೊಟ್ಟಿದ್ದನ್ನು ಕಡಿಮೆ ಅನ್ನಬಾರದು. ಒಂದು ಪದರು ಎಸಳು, ಅದರ ಮೇಲೆ ಒಂದು ಪದರು ಸಕ್ಕರೆಪುಡಿ... ಹೀಗೆ ಭರಣಿ ಅರ್ಧ ತುಂಬಿತ್ತು. ಚೈತ್ರದ ಬಿಸಿಲಿಗೆ ಎಸಳು ಬಾಡುವ ಮೊದಲು ಒಂದು ವಾಸನೆ ಬರುತ್ತದಲ್ಲ, ಅದು ಮನೆಯ ತುಂಬ ಹರಡಿತ್ತು.

ಆಗ ಕಲ್ಯಾಣಿಯಿಂದ ಅಣ್ಣ ಬಂದ. ಅಣ್ಣನೆಂದರೆ ನನ್ನ ದೊಡ್ಡವ್ವನ ಮಗ. ಕಡಲೆ ಮಾರಲು ಪೇಟೆಗೆ ಗಾಡಿ ಹೊಡೆದುಕೊಂಡು ಬಂದವನು ನನ್ನನ್ನು ನೋಡಿ ಹೋಗಲು ಮನೆಗೆ ಬಂದಿದ್ದ. ಕಾಲು ತೊಳೆದು, ಒಂದು ತಂಬಿಗೆ ನೀರು ಪೂರಾ ಕುಡಿದು, ಪರಾತದ ಕಡೆಗೊಮ್ಮೆ ನೋಡಿದ.

"ಇವು ಆಯಿ ಕೊಟ್ಟ ಗಿಡದ್ದಲ್ಲೇನವ್ವ?"

"ಹೂಂ, ಅದರದs."

"ಆಯಿ ಹೋದಳವ್ವ. ಹೋದ ಸೋಮವಾರ. ಲಿಂಗದಾಗ ಕೂಡಿಹೋದಳು."

ಕೈಯಲ್ಲಿ ಅರ್ಧ ಬಿಡಿಸಿದ ಹೂವು ಹಾಗೇ ಉಳಿಯಿತು...

ಅವಳು ನಮಗೆ ಬಂಧುವಲ್ಲ. ತವರುಮನೆಯ ಮಗ್ಗಲ ಮನೆಯಾಕೆ. ಬಸವಕಲ್ಯಾಣ ಅಂತ ಈಗ ಕರೆಯುವ ಊರನ್ನು ನಾವು ಆಗ ಕಲ್ಯಾಣಿ ಅನ್ನುತ್ತಿದ್ದೆವು. ಆ ಊರಿನ ನಮ್ಮ ಓಣಿಯಲ್ಲಿ ಮಕ್ಕಳೆಲ್ಲ ಅವಳನ್ನು ಆಯಿ ಅಂತಲೇ ಕರೆದದ್ದು. ನನಗೆ ತಿಳಿವಳಿಕೆ ಬಂದಾಗ ಅವಳ ತಲೆ ಇನ್ನೂ ಕಪ್ಪಗೇ ಇತ್ತು. ಮದುವೆಯಾದ ಮರುವರ್ಷವೇ ಗಂಡ ತೀರಿದ್ದ. ಮೈದುನಂದಿರು ಎರಡು ಅಂಕಣದ ಮನೆಯನ್ನೂ ಹಿಂದಿನ ಹಿತ್ತಲನ್ನೂ ಬಿಟ್ಟುಕೊಟ್ಟು ತಮ್ಮ ಪಾಡಿಗೆ ತಾವು ಹೊಲದ ಮನೆಗೆ ಹೋಗಿದ್ದರು. ಅಷ್ಟರಲ್ಲೇ ಆಯಿ ತನ್ನ ಬದುಕು ಕಟ್ಟಿಕೊಂಡಿದ್ದಳು. ಯಾರ ಮನೆಯ ಬಾಗಿಲಿಗೂ ಸೆರಗು ಒಡ್ಡಿಕೊಂಡು ಹೋದವಳಲ್ಲ.

ಹಿತ್ತಲೆಂದರೆ ಎಂಥ ಹಿತ್ತಲು! ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅದರ ಆಚೆ ಬದನೆ, ಮೆಣಸು, ಮೆಂತ್ಯ, ಪುಂಡಿಪಲ್ಲೆ, ಉಳ್ಳಾಗಡ್ಡಿಯ ಮಡಿಗಳು, ಬಾಚಿ ಬೈತಲೆ ತೆಗೆದ ಹಾಗೆ. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಒಂದು ಮಡಿ ತುಂಬಿ ಇನ್ನೊಂದಕ್ಕೆ ತಾನೇ ಇಳಿಯುತ್ತಿತ್ತು. ಒಲೆಯ ಬೂದಿ ಬದನೆ ಎಲೆಯ ಹುಳಕ್ಕೆ. ಗೋಡೆಯ ಬದಿಗೆ ದುಂಡುಮಲ್ಲಿಗೆ, ಕಣಗಿಲೆ, ದಾಸವಾಳ. ಇವನ್ನೆಲ್ಲ ದಾಟಿ ಬಾವಿಯ ಹತ್ತಿರ ಗುಲಾಬಿ. ತಿಳಿಗೆಂಪು ಬಣ್ಣದ, ಮೈತುಂಬ ಎಸಳಿನ ದೇಸಿ ಗುಲಾಬಿ. ಅವಕ್ಕೆ ಮಾತ್ರ ಬಚ್ಚಲ ನೀರು ತಾಕುವಂತಿರಲಿಲ್ಲ. ಲಿಂಗಕ್ಕೆ ಏರುವ ಹೂವು, ಆದ್ದರಿಂದ ಬಾವಿಯ ನೀರನ್ನೇ ಸೇದಿ ಹಾಕಬೇಕು. ಆ ಹೂವನ್ನು ದೇವರಿಗೆ ಏರಿಸುವ ಮೊದಲು ಮೂಸಲೂಬಾರದು. ಸಣ್ಣವಳಿದ್ದಾಗ ನಾನು ಹೂವಿನ ಹತ್ತಿರ ಮೂಗು ಒಯ್ದರೆ ಸಾಕು, ಬಾವಿಯ ಕಡೆಯಿಂದ ಕೂಗು ಬರುತ್ತಿತ್ತು. "ಏ ಹುಡುಗೀ, ದೇವರಕಿಂತ ನಿನಗ ಅವಸರ ಭಾಳ ಆಗ್ಯದೇನು?"

ಶಿವರಾತ್ರಿಗೆ ಮೊದಲು ಗುಲಾಬಿಯ ಬುಡ ಅಗೆದು, ಬೇರನ್ನು ನಾಲ್ಕಾರು ದಿನ ಬಿಸಿಲಿಗೆ ಬಿಡುತ್ತಿದ್ದಳು. ಗಿಡ ಸತ್ತೇಹೋಯಿತು ಎಂದು ನೋಡಿದವರು ಅನ್ನಬೇಕು, ಹಾಗೆ. ಆಮೇಲೆ ಕುರಿಹಿಕ್ಕೆ ಹಾಕಿ ಮುಚ್ಚಿ, ಕೊಂಬೆ ಕತ್ತರಿಸಿ, ಕತ್ತರಿಸಿದ ತುದಿಗೆಲ್ಲ ಸಗಣಿ ಮೆತ್ತುತ್ತಿದ್ದಳು. ಯುಗಾದಿ ಬರುವ ಹೊತ್ತಿಗೆ ಮೊಗ್ಗು ಹೊತ್ತು ಗಿಡ ಬಾಗಿಬಿಡುತ್ತಿತ್ತು. ಅವಳ ಕೈ ನೋಡಿದರೆ ಬೆಕ್ಕಿನ ಜೊತೆ ಜಗಳಾಡಿ ಬಂದವಳ ಹಾಗೆ ಕಾಣುತ್ತಿದ್ದಳು, ಅಷ್ಟು ಮುಳ್ಳು ಗೀರಿದ್ದವು. ಮಾತಿಗೂ ಸ್ವಲ್ಪ ಮುಳ್ಳೇ.

ಓಣಿಯ ಅರ್ಧ ಮನೆಗೆ ಪಲ್ಲೆ ಅವಳ ಹಿತ್ತಲದ್ದೇ. ಬದನೆಕಾಯಿಯನ್ನು ಅವಳ ಕೈಯಿಂದ ನಮ್ಮ ಕೈಗೆ ನೇರ ತೆಗೆದುಕೊಳ್ಳುತ್ತಿದ್ದೆವು, ಅದಕ್ಕೇನೂ ಅಡ್ಡಿಯಿರಲಿಲ್ಲ. ಆದರೆ ಯಾರದಾದರೂ ಮದುವೆ, ಸೀಮಂತ ಎಂದು ಹೂವು ಬೇಕಾದಾಗ ರೀತಿ ಬೇರೆ. ಗೋಡೆಯ ಮೇಲೆ ಒಂದು ಚಪ್ಪಟೆ ಕಲ್ಲು ಇತ್ತು. ಆಯಿ ಹೂವಿನ ಬುಟ್ಟಿಯನ್ನು ಅದರ ಮೇಲಿಟ್ಟು ಹಿಂದೆ ಸರಿಯಬೇಕು. ಆಮೇಲೆ ಮುತ್ತೈದೆಯೊಬ್ಬಳು ಅರಿಶಿನದ ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ಗಂಡನಿಲ್ಲದವಳ ಕೈಯಿಂದ ಶುಭಕಾರ್ಯದ ಹೂವು ನೇರ ತೆಗೆದುಕೊಳ್ಳಬಾರದು ಎಂಬ ಮಾತು. ಶರಣರು ನಡೆದಾಡಿದ ಊರು ನಮ್ಮದು, ಸೂತಕವೆಂಬುದೇ ಇಲ್ಲ ಎಂದು ಅವರು ಸಾರಿದ ನೆಲ. ಅದೇ ನೆಲದ ಮೇಲೆ ನಿಂತು ನಾವು ದಿನಾ ವಿಭೂತಿ ಹಚ್ಚಿಕೊಂಡು, ಆ ಕಲ್ಲಿನ ಮೇಲಿನಿಂದಲೇ ಹೂವು ಎತ್ತಿಕೊಳ್ಳುತ್ತಿದ್ದೆವು. ನಮ್ಮ ಮನೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಿದ್ದವಳು ದೊಡ್ಡವ್ವ. ಅವಳ ಮಾತೇ ಮನೆಗೆ ಕಡೆಯ ಮಾತು, ನನ್ನ ಅವ್ವ ಅವಳ ಎದುರಿಗೆ ದನಿ ಎತ್ತುತ್ತಿರಲಿಲ್ಲ.

ಆಯಿ ಇದಕ್ಕೆ ಅಳುತ್ತಿರಲಿಲ್ಲ. ಬುಟ್ಟಿ ಇಟ್ಟು ಹಿಂದೆ ಸರಿಯುತ್ತ, ಎಲ್ಲರಿಗೂ ಕೇಳಿಸುವ ಹಾಗೆ ಅನ್ನುತ್ತಿದ್ದಳು. "ಹೊಟ್ಟಿಗೆ ಹೋಗೋದಕ್ಕ ನನ್ನ ಕೈ ನಡೀತದ, ತಲಿಗೆ ಏರೋದಕ್ಕ ನಡ್ಯಾಂಗಿಲ್ಲ. ಇರ್ಲಿ, ಹೊಟ್ಟೀನs ದೊಡ್ಡದು."

ನನಗೆ ಹದಿನಾಲ್ಕೋ ಹದಿನೈದೋ ನಡೆದಿತ್ತು. ಹುಮನಾಬಾದಿನಿಂದ ಸಂಬಂಧ ಬಂದು ಕೂಡಿತು. ಯುದ್ಧದ ಸುದ್ದಿ ಇನ್ನೂ ಬಂದಿರಲಿಲ್ಲ. ಲಗ್ನದ ದಿನ ಗೊತ್ತಾದ ಮರುದಿನ ಬೆಳಿಗ್ಗೆಯೇ ಆಯಿ ಕತ್ತರಿ ಹಿಡಿದು ಗುಲಾಬಿಯ ಮುಂದೆ ನಿಂತಿದ್ದಳು. ಯಾವ ಕೊಂಬೆಯನ್ನು ಯಾವತ್ತು ಕತ್ತರಿಸಿದರೆ ಯಾವಾಗ ಹೂವಾಗುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಕೆಲಸ ಮುಗಿಸಿ ಗೋಡೆಯ ಹತ್ತಿರ ಬಂದು ದೊಡ್ಡವ್ವನನ್ನು ಕೂಗಿದಳು.

"ತಂಗೀ, ಕೇಳಿಲ್ಲಿ. ಈ ಹುಡುಗಿ ದಂಡಿ ನನ್ನ ಗುಲಾಬೀದು. ಪೂರಾ ಗುಲಾಬೀದು. ನಾನ ಕಟ್ಟತೀನಿ, ನಾನ ತಲಿಗೆ ಏರಸ್ತೀನಿ."

ದಂಡಿ ಎಂದರೆ ಮದುಮಗಳ ಹಣೆಯ ಮೇಲಿನಿಂದ ತಲೆಯ ಸುತ್ತ ಕಟ್ಟುವ ಹೂವಿನ ಪಟ್ಟಿ. ಅದನ್ನು ಹೆಣೆಯುವವರೂ ಮುತ್ತೈದೆಯರು, ಕಟ್ಟುವವರೂ ಮುತ್ತೈದೆಯರು. ದೊಡ್ಡವ್ವ ಕೊಡ ತಿಕ್ಕುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಹೂವು ಬೇಕಾದಷ್ಟು ಕೊಡು ಯಕ್ಕಾ. ಕಟ್ಟೋರು ಮನ್ಯಾಗ ಇದ್ದಾರ."

"ನಾನ ಕಟ್ಟತೀನಿ ಅಂದೆ."

ದೊಡ್ಡವ್ವ ಮತ್ತೆ ತಿಕ್ಕತೊಡಗಿದಳು. ಕೊಡದ ಸಪ್ಪಳ ಜೋರಾಯಿತು. ನನ್ನನ್ನು ಎತ್ತಿ ಆಡಿಸಿದವಳು ಆಯಿ. ಗೋಡೆ ಹಾರಿ ಹೋಗಿ ಅವಳ ಮಡಿಲಲ್ಲಿ ಎಷ್ಟು ಮಧ್ಯಾಹ್ನ ಮಲಗಿದ್ದೆನೋ... ಅವಳ ಕೈಯಿಂದಲೇ ದಂಡಿ ಕಟ್ಟಿಸಿಕೊಳ್ಳಬೇಕು ಎಂಬ ಆಸೆ ನನಗೂ ಇತ್ತು. ಆದರೆ ಮದುಮಗಳು ಬಾಯಿ ತೆಗೆಯುವ ಕಾಲ ಅದಲ್ಲ. ಅವ್ವನ ಮುಖ ನೋಡಿದೆ. ಅವ್ವ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು.

ಆಯಿ ಆ ವರ್ಷ ಗುಲಾಬಿಗೆ ಮಾಡಿದ ಉಪಚಾರವನ್ನು ಬಾಣಂತಿಗೂ ಮಾಡಿರಲಿಕ್ಕಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೊಗ್ಗು ಸುಡಬಾರದೆಂದು ತಾನು ಹೊದೆಯುವ ಕೌದಿಯನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದಳು. ಬಾವಿಯ ನೀರು ಕೆಳಗಿಳಿದಂತೆ ಹಗ್ಗಕ್ಕೆ ಹಗ್ಗ ಸೇರಿಸಿದಳು. ಅರಿಶಿನ ಹಚ್ಚುವ ಹೊತ್ತಿಗೆ ಮೊಗ್ಗುಗಳು ತುಟಿ ಬಿಚ್ಚಿದ್ದವು. ಗೋಡೆಯಾಚೆಯಿಂದ ನೋಡಿದ ಹೆಂಗಸರೆಲ್ಲ "ಏನ ಬೆಳದಾಳಪಾ ಮುದುಕಿ!" ಎಂದರು. ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಹೆತ್ತ ತಾಯಿಯ ಹಾಗೆ.

ಲಗ್ನಕ್ಕೆ ಇನ್ನೆರಡು ದಿನ ಇತ್ತು. ಮಧ್ಯಾಹ್ನ ತಿರುಗಿದ ಮೇಲೆ ಬಡಗಣ ದಿಕ್ಕಿಗೆ ಮೋಡ ಕಟ್ಟಿತು. ಚೈತ್ರದ ಮೋಡವೆಂದರೆ ನಮ್ಮ ಕಡೆ ಎಲ್ಲರಿಗೂ ಹೆದರಿಕೆ. ಗಾಳಿ ಬಂತು, ಅದರ ಹಿಂದೆಯೇ ಆಲಿಕಲ್ಲು. ಮೊದಲು ಕಡಲೆಯಷ್ಟು, ಆಮೇಲೆ ಲಿಂಬೆಹಣ್ಣಿನಷ್ಟು. ಅರಿಶಿನ ಹಚ್ಚಿಕೊಂಡ ಹುಡುಗಿ ಹೊಸ್ತಿಲು ದಾಟಬಾರದು, ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಆಯಿ ಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಮನೆಗೆ ಓಡಾಡುತ್ತಿದ್ದಳು. ರೊಟ್ಟಿ ಬುಟ್ಟಿ ತಂದು ಒಂದು ಗಿಡಕ್ಕೆ ಬೋರಲು ಹಾಕಿದಳು. ಜೋಳ ಕೇರುವ ಮೊರ ತಂದಳು. ಪರಾತ ತಂದಳು, ಅದರ ಮೇಲೆ ಕಲ್ಲು ಬಿದ್ದು ಗಂಟೆ ಬಾರಿಸಿದ ಹಾಗೆ ಸಪ್ಪಳ. ನೀರಿನ ಹಂಡೆ ಚೆಲ್ಲಿ ಅದನ್ನೂ ತಂದಳು. ಅವಳ ಹೊಟ್ಟೆ ತುಂಬಿಸುವ ಬದನೆಯ ಮಡಿ ಪಕ್ಕದಲ್ಲೇ ಇತ್ತು. ಅದರ ಕಡೆಗೆ ತಿರುಗಿಯೂ ನೋಡಲಿಲ್ಲ. ಮನೆಯ ಸಾಮಾನು ಮುಗಿದರೂ ಒಂದು ಗಿಡ ಉಳಿದಿತ್ತು. ಗೋಣಿಚೀಲವನ್ನು ತಲೆಗೆ ಹಾಕಿಕೊಂಡು, ಆ ಗಿಡದ ಮೇಲೆ ತಾನೇ ಬಾಗಿ, ಎರಡೂ ಕೈ ಚಾಚಿ ನಿಂತಳು.

"ಆಯೀ, ಒಳಗ ಹೋಗ್ರಿ! ಹೂವು ಹೋದರ ಹೋಗ್ಲಿ!" ಅವ್ವ ಕೂಗಿದಳು. ಅಷ್ಟು ಜೋರಾಗಿ ಅವ್ವ ಕೂಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆಯಿ ಅಲುಗಲಿಲ್ಲ...

ಮಳೆ ನಿಂತಾಗ ಅಂಗಳವೆಲ್ಲ ಬೆಳ್ಳಗೆ. ಬದನೆ, ಮೆಣಸು, ಮೆಂತ್ಯ ಎಲ್ಲ ನೆಲಕ್ಕೆ ಅಂಟಿದ್ದವು. ಬದನೆಕಾಯಿಗಳು ಒಡೆದು ಬೀಜ ಕಾರಿದ್ದವು. ಅವಳ ಬೇಸಿಗೆಯ ಅನ್ನ ಅದು. ಊರಿನಲ್ಲೂ ಅದೇ ಕಥೆ. ದೊಡ್ಡಪ್ಪ ದಂಡಿಯ ಹೂವಿಗೆ ಹೇಳಿದ್ದ ತೋಟದವರು ಸಂಜೆಗೆ ಬಂದು, "ಒಂದ ಮೊಗ್ಗ ಸೈತ ಉಳದಿಲ್ರಿ ಗೌಡ್ರ" ಎಂದು ಕೈ ಆಡಿಸಿ ಹೋದರು. ಕಲ್ಯಾಣಿಯಲ್ಲಿ ಅವತ್ತು ಹೂವು ಉಳಿದದ್ದು ಆಯಿಯ ಬುಟ್ಟಿಗಳ ಕೆಳಗೆ ಮಾತ್ರ.

ಮರುದಿನ ಇಳಿಹೊತ್ತಿಗೆ ದೊಡ್ಡವ್ವ ಅರಿಶಿನದ ನೀರಿನ ಬಟ್ಟಲು ಹಿಡಿದು ಗೋಡೆಯ ಹತ್ತಿರ ಹೋದಳು. ಆಯಿ ಹೂವು ಹರಿದು ಬುಟ್ಟಿ ತುಂಬಿಕೊಂಡು ಆಚೆಗೆ ನಿಂತಿದ್ದಳು. ಕಲ್ಲಿನ ಮೇಲೆ ಇಡಲಿಲ್ಲ.

"ಇಡು ಯಕ್ಕಾ."

"ಇಡಾಂಗಿಲ್ಲ. ನಾನ ಕಟ್ಟಬೇಕು, ನಾನ ತಲಿಗೆ ಏರಸಬೇಕು. ಒಲ್ಲೆ ಅಂದ್ರ ಬದನಿಕಾಯಿ ಒಯ್ಯಿ. ಒಡದಾವ ಬೇಕಾದಷ್ಟು."

"ಚ್ಯಾಷ್ಟಿ ಮಾಡೋ ಹೊತ್ತೇನಿದು? ಹುಡುಗಿ ಬಾಳೇವು ಅದ ಯಕ್ಕಾ. ನಾಳೆ ಏನಾರ ಆದ್ರ ಯಾರು ಹೊಣಿ?"

ಆಯಿ ಬುಟ್ಟಿಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡಳು. ಆಗ ಸೆರಗು ಸರಿದು ತೋಳು ಕಂಡಿತು. ಮೊಣಕೈಯಿಂದ ಮೇಲೆಲ್ಲ ನೀಲಿಗಟ್ಟಿ ಬಾತಿತ್ತು. ಅವಳ ದನಿ ಮಾತ್ರ ಎಂದಿನಂತೆ ಇತ್ತು, ಪಲ್ಲೆಯ ದರ ಹೇಳುವ ಹಾಗೆ.

"ನನ್ನ ದಂಡಿ ಐದು ಮಂದಿ ಮುತ್ತೈದೇರು ಕಟ್ಟಿದ್ರು, ತಂಗಿ."

ಅಷ್ಟೇ. ಬಾಗಿಲ ಮರೆಯಲ್ಲಿ ನಾನೂ ಅವ್ವನೂ ನಿಂತಿದ್ದೆವು. ದೊಡ್ಡವ್ವ ಆ ತೋಳನ್ನೇ ನೋಡುತ್ತಿದ್ದಳು. ಕಡೆಗೆ ಬಟ್ಟಲಿನ ಅರಿಶಿನದ ನೀರನ್ನು ಗೋಡೆಯ ಬುಡಕ್ಕೆ ಚೆಲ್ಲಿದಳು.

"ಮುಂಚಿ ಬಾಗಿಲಿಂದ ಬಾ. ಕಾಲು ತೊಳಕೊಂಡು ಬಾ, ಕೆಸರು ಆಗ್ಯಾವ."

"ಅದೊಂದು ಕಾಣಸ್ತು ನಿನಗ," ಎಂದಳು ಆಯಿ.

ಅವತ್ತು ಸಂಜೆ ಆಯಿ ನಮ್ಮ ಮನೆಯ ಮುಂಬಾಗಿಲಿನಿಂದ ಬಂದಳು. ಲಗ್ನದ ಮನೆಗೆ ಅವಳು ಹಾಗೆ ಬಂದದ್ದನ್ನು ಓಣಿ ಅದೇ ಮೊದಲ ಸಲ ನೋಡಿತು. ಪಡಸಾಲೆಯಲ್ಲಿ ಕುಳಿತು ದಂಡಿ ಹೆಣೆದಳು. ದೊಡ್ಡವ್ವ ಪಕ್ಕದಲ್ಲಿ ಕುಳಿತು ಒಂದೊಂದೇ ಹೂವು ಎತ್ತಿ ಕೊಟ್ಟಳು, ಕೈಯಿಂದ ಕೈಗೆ. ನಡುನಡುವೆ ಇಬ್ಬರಿಗೂ ಜಗಳ. "ಅದು ಸಣ್ಣದು, ದೊಡ್ಡದು ಕೊಡು." "ಇದೇ ದೊಡ್ಡದು, ಕಣ್ಣು ಹೋಗ್ಯಾವ ನಿನ್ವು." ಹೆಂಗಸರು ಬಾಗಿಲಲ್ಲಿ ಗುಸುಗುಸು ಎಂದರು. ದೊಡ್ಡವ್ವ ಒಮ್ಮೆ ತಿರುಗಿ ನೋಡಿದಳು, ಗುಸುಗುಸು ನಿಂತುಹೋಯಿತು.

ಬೆಳಿಗ್ಗೆ ದಂಡಿಯನ್ನು ನನ್ನ ಹಣೆಗೆ ಇಟ್ಟು ಹಿಂದೆ ಗಂಟು ಹಾಕಿದವಳು ಆಯಿಯೇ. ದಾರವನ್ನು ಎರಡು ಸಲ ಸುತ್ತಿ, ಒಳಗಿನಿಂದ ತೆಗೆದು, ಜಗ್ಗಿದಳು. ಬಾವಿಯ ಹಗ್ಗಕ್ಕೆ ಹಾಕುವ ಗಂಟು ಅದು.

"ಆಯಿ, ಭಾಳ ಬಿಗಿ ಆಗ್ಯದ."

"ಹುಮನಾಬಾದ ತನಕ ಹೋಗಬೇಕವ್ವ. ಗಾಡಿ ಕುಲುಕ್ತದ."

ಪೂರಾ ಗುಲಾಬಿಯ ದಂಡಿ ಕಟ್ಟಿಕೊಂಡು ನಮ್ಮ ಓಣಿಯಿಂದ ಹೊರಟ ಮದುಮಗಳು ನಾನೊಬ್ಬಳೇ. ಹುಮನಾಬಾದಿನ ಹೆಂಗಸರು ಗಾಡಿಯ ಸುತ್ತ ನೆರೆದು, "ಎಲ್ಲೀವು ಈ ಹೂವು? ನಿನ್ನೆ ಮೊನ್ನೆ ಎಲ್ಲಾ ಕಡಿ ಕಲ್ಲು ಬಿದ್ದಾವಲ್ಲ!" ಎಂದು ಕೇಳಿದರು. ಹೊಸ ಸೊಸೆ ತಲೆ ತಗ್ಗಿಸಿ ಇರಬೇಕು ಎಂದು ಅವ್ವ ಹೇಳಿ ಕಳಿಸಿದ್ದಳು. ಆದರೂ ನಾನು ತಲೆ ಎತ್ತಿಯೇ ಹೇಳಿದೆ, "ನಮ್ಮ ಆಯಿ ಬೆಳದದ್ರಿ. ಅಕೀನs ಕಟ್ಟಿದ್ದು." ಆ ಹೆಮ್ಮೆ ಇನ್ನೂ ಇಳಿದಿಲ್ಲ.

ಅದಾದ ಮೇಲೆ ನನ್ನ ಬಾಳು ಹೇಗೆ ನಡೆಯಿತು ಎಂದು ಕಲ್ಯಾಣಿಯ ಓಣಿ ಬಹಳ ದಿನ ಕಾದು ನೋಡಿತು. ಶಿವನ ದಯೆ, ಮನೆಯವರು ಗಟ್ಟಿಯಾಗಿದ್ದರು, ಮಕ್ಕಳು ಉಳಿದವು. ಹಾಗೆಂದು ಅದು ದಂಡಿಯ ಫಲ ಎಂದು ನಾನು ಎಂದೂ ಹೇಳಿಲ್ಲ. ಕೆಟ್ಟದ್ದಾಗಿದ್ದರೂ ಅದು ಹೂವಿನ ತಪ್ಪಾಗುತ್ತಿರಲಿಲ್ಲ. ಕೊಡುವವನು ಬೇರೆ. ಆದರೆ ಮುಂದೆ ನಮ್ಮ ಓಣಿಯಲ್ಲಿ ಆ ಚಪ್ಪಟೆ ಕಲ್ಲಿನ ಮೇಲೆ ಹೂವಿನ ಬುಟ್ಟಿ ಇಟ್ಟದ್ದನ್ನು ನಾನು ಕಾಣಲಿಲ್ಲ. ತವರಿಗೆ ಹೋದಾಗ ನೋಡಿದರೆ ದೊಡ್ಡವ್ವ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು.

ಗಾಡಿ ಹೊರಡುವಾಗ ಆಯಿ ನನ್ನ ಕೈಯಲ್ಲೊಂದು ಹಸಿ ಬಟ್ಟೆಯ ಗಂಟು ಇಟ್ಟಿದ್ದಳು. ಒಳಗೆ ಗುಲಾಬಿಯ ಕಡ್ಡಿಗಳು. ತೇವ ಆರದಿರಲೆಂದು ಅವುಗಳ ಬುಡವನ್ನು ಒಡೆದ ಬದನೆಕಾಯಿಗಳಿಗೆ ಚುಚ್ಚಿದ್ದಳು. ಕಲ್ಲು ಬಿದ್ದು ಹಾಳಾದ ಬದನೆಯನ್ನೂ ದಂಡ ಮಾಡದ ಹೆಂಗಸು ಅವಳು. ಹುಮನಾಬಾದಿನ ಹಿತ್ತಲಲ್ಲಿ ಒಂದೇ ಕಡ್ಡಿ ಚಿಗುರಿತು. ಒಂದೇ ಸಾಕಾಯಿತು. ಅದರಿಂದ ಅತ್ತೆಯ ತವರಿಗೆ ಹೋಯಿತು, ಎದುರು ಮನೆಗೆ ಹೋಯಿತು, ನಾದಿನಿಯ ಹಿಂದೆ ಕೊಡಂಬಲಕ್ಕೂ ಹೋಯಿತು. ಕೇಳಿದವರಿಗೆಲ್ಲ ಕೈಯಾರೆ ಕೊಟ್ಟಿದ್ದೇನೆ. ಕುಂಕುಮವಿದ್ದ ಕೈಗೂ ಕೊಟ್ಟಿದ್ದೇನೆ, ಇಲ್ಲದ ಕೈಗೂ ಕೊಟ್ಟಿದ್ದೇನೆ...

ಅಣ್ಣ ಇನ್ನೂ ಪರಾತದ ಮುಂದೆಯೇ ಕುಳಿತಿದ್ದ. ಏನು ಬೇನೆ, ಎಷ್ಟು ದಿನ ಮಲಗಿದ್ದಳು ಎಂದು ಕೇಳಬೇಕಾಗಿತ್ತು. ನನ್ನ ಬಾಯಿಗೆ ಬಂದದ್ದು ಬೇರೆಯೇ.

"ಅಣ್ಣಾ, ಹೂವು ಏನ ಹಾಕಿದ್ರಿ?"

ಅವನಿಗೆ ತಿಳಿಯಿತು. ಪರಾತದ ಕಡೆಗೆ ಕೈ ಮಾಡಿದ. "ಇವs. ಹಿತ್ತಲದಾಗ ಅರಳಿದ್ದು ಅಷ್ಟೂ. ಅವ್ವ ಮುಂಜಾನೆ ಎದ್ದು ತಾನs ಹೋಗಿ ಹರಕೊಂಡು ಬಂದಳು. ಯಾರಿಗೂ ಮುಟ್ಟಗೊಡಲಿಲ್ಲ. ಆಯಿನ ಕೂಡ್ರಿಸಿ ವಿಭೂತಿ ಹಚ್ಚಿದ ಮ್ಯಾಲೆ, ದಂಡಿ ಕಟ್ಟಿದಳು."

"ದೊಡ್ಡವ್ವ? ದಂಡಿ?"

"ಹೂಂ, ದಂಡಿ. ಪೂರಾ ಗುಲಾಬೀದು. ಅಯ್ಯನೋರು ಅವ್ವನ ಮಾರಿ ನೋಡಿದ್ರು, ಮಂದಿನೂ ನೋಡಿದ್ರು. 'ಏನ ನೋಡತೀರಿ? ಅಕೀದು ಅಕಿಗೆ ಕಟ್ಟಾಕತ್ತೇನಿ' ಅಂದಳು."

ಮದುವೆಯ ಮರುವರ್ಷ ಗಂಡ ಹೋದಾಗ ತಲೆಯಿಂದ ತೆಗೆದಿಟ್ಟ ಹೂವು. ಅಲ್ಲಿಂದ ಅಷ್ಟು ಚೈತ್ರಗಳು... ಊರ ತಲೆಗೆಲ್ಲ ಬೆಳೆದು ಕೊಟ್ಟವಳು ಕಡೆಗೆ ತನ್ನ ತಲೆಯ ಮೇಲೂ ಇಟ್ಟುಕೊಂಡು ಹೋದಳು. ಗುಲಾಬಿ ತುಂಬಿ ನಿಂತ ದಿನಗಳಲ್ಲೇ ಶಿವ ಅವಳನ್ನು ಕರೆದ, ಗಿಡ ಬೋಳಾಗಿರುವ ಆಷಾಢದಲ್ಲಿ ಕರೆಯಲಿಲ್ಲ. ಅದೂ ಅವನ ದೊಡ್ಡ ಉಪಕಾರ ಎಂದು ಕೈ ಮುಗಿದೆ. ಕಣ್ಣೀರು ಎಸಳಿನ ಮೇಲೆ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡೆ, ಗುಲಕಂದಕ್ಕೆ ನೀರು ತಾಗಿದರೆ ಬೂಸಲು ಬರುತ್ತದೆ.

"ಈಗ ಗಿಡಕ್ಕ ನೀರು ಯಾರು ಹಾಕತಾರ?"

"ಮೈದುನನ ಮಕ್ಕಳು ಮನಿಗೆ ಕೀಲಿ ಹಾಕ್ಯಾರ. ಅವ್ವ ಗೋಡಿ ಮ್ಯಾಲಿಂದ ಒಂದೆರಡು ಕೊಡ ಚೆಲ್ಲತಾಳ. ಎಷ್ಟ ದಿನ ಆದೀತು..."

ಆಮೇಲೆ ಅವನಿಗೆ ರೊಟ್ಟಿ ಹಾಕಬೇಕು ಎಂದು ನೆನಪಾಗಿ ಎದ್ದೆ. ಅದಕ್ಕೂ ಮೊದಲು ಭರಣಿಯ ಕೆಲಸ ಮುಗಿಸಬೇಕಿತ್ತು, ಬಿಸಿಲು ಇಳಿಯುತ್ತಿತ್ತು. ಉಳಿದ ಎಸಳು ತುಂಬಿ, ಮೇಲೆ ಸಕ್ಕರೆ ಹರಡಿ, ಬಾಯಿಗೆ ತೆಳುವಾದ ಬಿಳಿ ಬಟ್ಟೆ ಹೊದಿಸಿದೆ. ದಾರವನ್ನು ಎರಡು ಸಲ ಸುತ್ತಿ, ಒಳಗಿನಿಂದ ತೆಗೆದು, ಬಿಗಿಯಾಗಿ ಜಗ್ಗಿದೆ. ಭರಣಿಯನ್ನು ಸೊಂಟಕ್ಕಿಟ್ಟುಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದೆ, ಬಿಸಿಲಿಗೆ ಇಡಲು.